ಗ್ರಂಥಾಲಯದ ಬಾಗಿಲು ಯಾರಿಗಾಗಿ?

ಗ್ರಂಥಾಲಯವೆಂದರೆ ನಿಶ್ಶಬ್ದದ ತಾಣವೆಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಆ ನಿಯಮವೇ ಕೆಲವರನ್ನು ಹೊರಗೆ ನಿಲ್ಲಿಸುತ್ತದೆಂಬುದು ಬಹುಮಂದಿಗೆ ಹೊಳೆಯದು. ಆಟಿಸಂ ಉಳ್ಳ ಮಗು ಸಂತೋಷವಾದಾಗ ಕೈಗಳನ್ನು ಬಡಿಯಬಹುದು, ಒಂದೇ ಮಾತನ್ನು ಮತ್ತೆ ಮತ್ತೆ ಉಚ್ಚರಿಸಬಹುದು. ಸುತ್ತಲಿನವರು ತಿರುಗಿ ನೋಡುತ್ತಾರೆ. ತಾಯಿ ಮಗುವನ್ನು ಕರೆದುಕೊಂಡು ಹೊರನಡೆಯುತ್ತಾಳೆ. ಮತ್ತೆ ಆ ಕಡೆಗೆ ಬರುವುದಿಲ್ಲ.

ಸ್ವಲೀನತೆಯೆಂದೂ ಕರೆಯಲ್ಪಡುವ ಆಟಿಸಂ ತಂದೆತಾಯಿಗಳ ಪೋಷಣೆಯ ದೋಷದಿಂದ ಬರುವ ರೋಗವಲ್ಲ. ಮಿದುಳಿನ ಬೆಳವಣಿಗೆಯಲ್ಲಿಯೇ ಇರುವ ಭಿನ್ನತೆ. ಇತರರು ಗಮನಿಸದ ಟ್ಯೂಬ್‌ಲೈಟಿನ ಮಿನುಗು, ಫ್ಯಾನಿನ ಸದ್ದು, ಜನಸಂದಣಿ ಇವರಲ್ಲಿ ಅನೇಕರಿಗೆ ಅಸಹನೀಯ. ಮಗು ಬೆಳೆದು ದೊಡ್ಡವನಾದ ಮೇಲೂ ಈ ಭಿನ್ನತೆ ಉಳಿಯುತ್ತದೆ. ಶಾಲೆ ಮುಗಿದ ನಂತರ ಹೋಗಲು ಸ್ಥಳವೇ ಇಲ್ಲವಾಗುತ್ತದೆ. ಅಂಥವರಿಗೆ ಗ್ರಂಥಾಲಯಕ್ಕಿಂತ ಯೋಗ್ಯವಾದ ತಾಣ ಬೇರೊಂದಿಲ್ಲ.

ಹೈದರಾಬಾದಿಗೆ ಈ ವಿಷಯದಲ್ಲಿ ಅನುಕೂಲಗಳ ಕೊರತೆಯಿಲ್ಲ. 1891ರಲ್ಲಿ ಆಸಫಿಯಾ ಗ್ರಂಥಾಲಯವಾಗಿ ಆರಂಭಗೊಂಡ ರಾಜ್ಯ ಕೇಂದ್ರ ಗ್ರಂಥಾಲಯ ಅಫ್ಜಲ್‌ಗಂಜಿನಲ್ಲಿದೆ. ಬೌದ್ಧಿಕ ಅಂಗವೈಕಲ್ಯಕ್ಕಾಗಿ 1984ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಸಂಸ್ಥೆ ಸಿಕಂದರಾಬಾದಿನಲ್ಲಿಯೇ ಇದೆ. ಇವೆರಡರ ನಡುವೆ ಸಂಪರ್ಕವೇರ್ಪಟ್ಟು, ಗ್ರಂಥಾಲಯದ ಸಿಬ್ಬಂದಿಗೆ ತಜ್ಞರ ತಿಳಿವಳಿಕೆ ದೊರೆತರೆ ಅರ್ಧ ಕೆಲಸ ಮುಗಿದಂತೆ. ಇದು ದಯೆಯ ಮಾತೂ ಅಲ್ಲ. ಆಸ್ತಿ ತೆರಿಗೆಯೊಡನೆ ಗ್ರಂಥಾಲಯ ಕರವನ್ನು ಈ ಮಕ್ಕಳ ಕುಟುಂಬಗಳೂ ತೆರುತ್ತವೆ. 1995ರ ಅಂಗವಿಕಲರ ಕಾಯಿದೆಯಲ್ಲಿ ಆಟಿಸಂ ಸೇರಿರಲಿಲ್ಲ. 2016ರ ಕಾಯಿದೆ ಗುರುತಿಸಿದ 21 ವಿಧಗಳಲ್ಲಿ ಅದೂ ಒಂದು.

ಖರ್ಚಿನ ಲೆಕ್ಕ ಹಾಕಿದರೆ ಮೊತ್ತ ಅಲ್ಪವೇ. ವಾರದಲ್ಲಿ ಒಂದು ಗಂಟೆ ಮಂದ ಬೆಳಕು, ಕಡಿಮೆ ಜನ, ಪಿಸುಮಾತಿನ ಕಟ್ಟುಪಾಡಿಲ್ಲದ ವೇಳೆ, ಮೂಲೆಯಲ್ಲೊಂದು ಚಾಪೆ, ಬಾಗಿಲಿನಿಂದ ಪುಸ್ತಕ ಪಡೆಯುವವರೆಗಿನ ಕ್ರಮವನ್ನು ಚಿತ್ರಗಳಲ್ಲಿ ತೋರಿಸುವ ಒಂದು ಫಲಕ. ಮಾತನಾಡಲಾರದವನು ಬೆರಳಿಟ್ಟು ಪುಸ್ತಕ ಕೇಳಲು ಅಷ್ಟು ಸಾಕು. ಇತರ ಓದುಗರ ಶಾಂತಿ ಭಂಗವಾಗುವುದೆಂಬ ಆಕ್ಷೇಪಣೆಗೂ ಗೊತ್ತುಪಡಿಸಿದ ವೇಳೆಯೇ ಉತ್ತರ.

ಹೊರನಾಡ ಕನ್ನಡಿಗರಿಗೆ ಇಲ್ಲಿ ಇನ್ನೊಂದು ಹೊಣೆಯಿದೆ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತೆಲುಗು ಮತ್ತು ಹಿಂದಿ, ಶಾಲೆಯಲ್ಲಿ ಇಂಗ್ಲಿಷ್. ಇಂಥ ಮಗುವಿಗೆ ಒಂದೇ ಭಾಷೆ ಸಾಕು, ಕನ್ನಡವನ್ನು ಬಿಡಿ ಎಂಬ ಉಪದೇಶ ಪೋಷಕರ ಕಿವಿಗೆ ಬೀಳುವುದುಂಟು. ಎರಡು ಭಾಷೆಗಳಿಂದ ಆಟಿಸಂ ಉಳ್ಳ ಮಕ್ಕಳಿಗೆ ಹಾನಿಯಾಗುವುದೆಂಬುದಕ್ಕೆ ಸಂಶೋಧನೆಗಳಲ್ಲಿ ಆಧಾರ ದೊರೆತಿಲ್ಲ. ಮನೆಮಾತನ್ನು ಕಿತ್ತುಕೊಂಡರೆ ಮಗು ಕಳೆದುಕೊಳ್ಳುವುದು ಭಾಷೆಯೊಂದನ್ನೇ ಅಲ್ಲ, ಅಜ್ಜಿಯನ್ನೂ ಕೂಡ. ಆದುದರಿಂದ ಕನ್ನಡ ಸಂಘಗಳು ತಮ್ಮ ಪುಸ್ತಕ ಭಂಡಾರಗಳಲ್ಲಿ ದೊಡ್ಡ ಅಕ್ಷರದ, ಚಿತ್ರಭರಿತ ಕನ್ನಡ ಪುಸ್ತಕಗಳಿಗೆ ಒಂದು ಕಪಾಟನ್ನೂ, ಈ ಮಕ್ಕಳಿಗೆ ಭಾನುವಾರದ ಒಂದು ಗಂಟೆಯನ್ನೂ ಮೀಸಲಿಡಲಿ. ದೊಡ್ಡ ಗ್ರಂಥಾಲಯಗಳು ಎಚ್ಚರಗೊಳ್ಳುವವರೆಗೆ ಕಾಯಬೇಕಾಗಿಲ್ಲ.