ಲಾರಿ ತುಂಬಿ ಕಳಿಸುವ ಮಂಗ ಅಲ್ಲ ಅದು

ಶರಾವತಿ ಪಂಪ್ಡ್ ಸ್ಟೋರೇಜ್ ವಿದ್ಯುತ್ ಯೋಜನೆಯ ಸುದ್ದಿ ನೀವೂ ಓದಿರುತ್ತೀರಿ. ರಟ್ಟೀಹಳ್ಳಿ ಬಸ್ ನಿಲ್ದಾಣದ ಹತ್ತಿರ ಚಹಾ ಕುಡಿಯುತ್ತಿದ್ದವರೊಬ್ಬರು ಪೇಪರ್ ಮಡಚಿಟ್ಟು, ‘ಮಂಗ್ಯಾನ ಸಲುವಾಗಿ ಕರೆಂಟ್ ಬ್ಯಾಡ ಅಂತಾರಲ್ರೀ! ನಮ್ಮೂರಾಗ ಬೇಕಾದಷ್ಟು ಅದಾವ, ಒಂದು ಲಾರಿ ತುಂಬಿ ಕಳಸೂಣು’ ಅಂದರು. ಸುತ್ತಲಿದ್ದವರು ನಕ್ಕರು. ನನಗೆ ನಗು ಬರಲಿಲ್ಲ. ಅವರು ಕೋತಿ ಕಾಟದಿಂದ ಬೇಸತ್ತ ರೈತರು, ಅವರ ಮೇಲೆ ನನಗೆ ಸಿಟ್ಟಿಲ್ಲ. ಇದೇ ಮಾತನ್ನು ಓದು ಬರಹ ಬಲ್ಲವರು, ಅಧಿಕಾರ ಇದ್ದವರು ಆಡಿದಾಗ ಮೈ ಉರಿಯುತ್ತದೆ.

ಆ ಸುದ್ದಿಯಲ್ಲಿರುವ ಶರಾವತಿ ಕಣಿವೆಯ ಮಂಗ, ಸಿಂಗಳೀಕ, ಮಾಳಿಗೆ ಮೇಲಿನ ಹಪ್ಪಳ ಒಯ್ಯುವ ಪ್ರಾಣಿ ಅಲ್ಲ. ಕಪ್ಪು ಮೈ, ಮುಖದ ಸುತ್ತ ಬೂದು ಕೇಸರ, ಬಾಲದ ತುದಿಗೆ ಸಿಂಹದ ಕುಚ್ಚು. ಪಶ್ಚಿಮ ಘಟ್ಟದ ದಟ್ಟ ಕಾಡು ಬಿಟ್ಟರೆ ಜಗತ್ತಿನಲ್ಲಿ ಎಲ್ಲೂ ಇದಕ್ಕೆ ತವರಿಲ್ಲ. ಕಾಡಿನಲ್ಲಿ ಉಳಿದಿರುವುದು ಸುಮಾರು 4,000 ಎಂದು ಅಂದಾಜು. ಪ್ರಕೃತಿ ಸಂರಕ್ಷಣೆಯ ಜಾಗತಿಕ ಸಂಸ್ಥೆ ಐಯುಸಿಎನ್‌ನ ಕೆಂಪುಪಟ್ಟಿಯಲ್ಲಿ ಅದು ಅಳಿವಿನಂಚಿನಲ್ಲಿದೆ. ಉಪ್ಪಾಗೆ, ಮುರುಗಲು, ಕಾಡುಹಲಸು ತಿನ್ನುತ್ತ ಮರದ ನೆತ್ತಿಯಿಂದ ನೆತ್ತಿಗೆ ಸಾಗುತ್ತದೆ, ನೆಲಕ್ಕಿಳಿಯುವುದು ಅಪರೂಪ. ಹೆಣ್ಣು ಮರಿ ಹಾಕುವುದು ಎರಡು ಮೂರು ವರ್ಷಕ್ಕೊಮ್ಮೆ, ಅದೂ ಒಂದೇ. ಕೊಂಬೆಗಳ ಸಾಲು ತುಂಡಾಯಿತೆಂದರೆ ಗುಂಪು ಆಚೆ ದಾಟಲಾಗದೆ ಅಲ್ಲೇ ಸಿಕ್ಕಿಬೀಳುತ್ತದೆ.

ಇದನ್ನೆಲ್ಲ ಸರ್ಕಾರಕ್ಕೆ ಯಾರೂ ಹೇಳಿಕೊಡಬೇಕಿಲ್ಲ. 2011ರಲ್ಲಿ ಅಘನಾಶಿನಿ ಕಣಿವೆಯನ್ನು ಸಿಂಗಳೀಕಕ್ಕಾಗಿಯೇ ಸಂರಕ್ಷಣಾ ಮೀಸಲು ಎಂದು ಸಾರಿದ್ದು ಅದೇ. 2019ರಲ್ಲಿ ಅದನ್ನೂ ಸೇರಿಸಿ 930 ಚದರ ಕಿಲೋಮೀಟರ್‌ನ ಶರಾವತಿ ಕಣಿವೆ ಸಿಂಗಳೀಕ ಅಭಯಾರಣ್ಯ ಮಾಡಿದ್ದೂ ಅದೇ. ಈಗ ಅದೇ ಅಭಯಾರಣ್ಯದಲ್ಲಿ ತಳಕಳಲೆ, ಗೇರುಸೊಪ್ಪೆ ಜಲಾಶಯಗಳ ನಡುವೆ ನೀರು ಇಳಿಸಿ ಏರಿಸುವ 2,000 ಮೆಗಾವಾಟ್ ಯೋಜನೆ ಬೇಕಂತೆ. ಅದಕ್ಕೆ ಸುರಂಗ, ರಸ್ತೆ, 15,000ಕ್ಕೂ ಹೆಚ್ಚು ಮರ. ಪಂಪ್‌ಸೆಟ್ ಕರೆಂಟಿಗಾಗಿ ರಾತ್ರಿ ಎದ್ದು ಹೊಲಕ್ಕೆ ಹೋಗುವ ಸೀಮೆ ನಮ್ಮದು. ಕರೆಂಟಿನ ಬೆಲೆ ನನಗೆ ಗೊತ್ತು. ಆದರೆ ನೀರು ಮೇಲೆತ್ತಲು ಸುಡುವ ವಿದ್ಯುತ್ತು, ಅದು ಇಳಿದಾಗ ಸಿಗುವುದಕ್ಕಿಂತ ಹೆಚ್ಚು. ಲಿಂಗನಮಕ್ಕಿ ಅಣೆಕಟ್ಟಿನಿಂದ ಹಿಡಿದು ಈ ಒಂದೇ ನದಿ ನಾಡಿಗೆ ಇಷ್ಟು ವರ್ಷ ಕೊಟ್ಟದ್ದು ಸಾಲದೇ?

ಇನ್ನು ನಮ್ಮೂರ ಮಂಗನ ವಿಷಯ. ಇದನ್ನು ಎಷ್ಟು ಸಲ ಬರೆದರೂ ನನಗೆ ಸಾಕಾಗುವುದಿಲ್ಲ. ಗೋವಿನಜೋಳ ಹಾಲುಗಾಳು ಕಟ್ಟುವ ಹೊತ್ತಿಗೆ ಹೊಲದ ಬದುವಿನಲ್ಲಿ ನಿಂತು ನೋಡಿ. ಒಂದು ಮಂಗ ತೆನೆ ಮುರಿದು ಸಿಪ್ಪೆ ಸುಲಿದು ಎರಡು ಬಾಯಿ ಕಚ್ಚುತ್ತದೆ, ಕೆನ್ನೆಯ ಚೀಲಕ್ಕೆ ತುಂಬಿಕೊಳ್ಳುತ್ತದೆ, ಉಳಿದದ್ದನ್ನು ಬಿಸಾಡಿ ಮುಂದಿನ ದಂಟಿಗೆ ಕೈ ಹಾಕುತ್ತದೆ. ಅರ್ಧ ಗಂಟೆಯಲ್ಲಿ ಒಂದು ಸಾಲು ಹಾಳು. ರೈತ ಶಪಿಸುವುದರಲ್ಲಿ ತಪ್ಪೇನಿದೆ? ಆದರೆ ಆ ಮಂಗ ಹೊಲಕ್ಕೆ ಬಂದದ್ದು ಹೇಗೆ? ರಸ್ತೆ ಅಗಲ ಮಾಡುತ್ತ ಸಾಲು ಆಲದ ಮರ ಉರುಳಿಸಿದೆವು, ಅತ್ತಿ, ನೇರಳೆ ಕಡಿದೆವು. ಪಕ್ಕದ ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯದೊಳಗೂ ನೀಲಗಿರಿ ನೆಟ್ಟೆವು. ನೀಲಗಿರಿಯಲ್ಲಿ ಯಾವ ಮಂಗ ಏನು ತಿನ್ನಬೇಕು? ಈ ಸಾಮಾನ್ಯ ಕೋತಿಯೂ ಈಗ ಐಯುಸಿಎನ್ ಪಟ್ಟಿಯಲ್ಲಿ ಅಪಾಯಕ್ಕೆ ಸಿಲುಕಿದ ಜೀವಿ. ಹಿಡಿದು ಲಾರಿಗೆ ತುಂಬಿ ರಾತ್ರೋರಾತ್ರಿ ಕಾಡಂಚಿಗೆ ಬಿಟ್ಟರೆ ಅಲ್ಲಿನ ತೋಟದವರು ಏನು ಮಾಡಬೇಕು? ಮಂಗದ ಜೊತೆ ರೋಗವೂ ಲಾರಿ ಹತ್ತೀತು: 1957ರಲ್ಲಿ ಮಂಗನ ಕಾಯಿಲೆ ಮೊದಲು ಕಂಡ ಕ್ಯಾಸನೂರು ಇರುವುದು ನಮ್ಮ ನೆರೆ ಜಿಲ್ಲೆಯ ಸೊರಬ ತಾಲ್ಲೂಕಿನಲ್ಲಿ ಎಂಬುದಾದರೂ ನೆನಪಿರಲಿ.

ಊರ ಮಂಗಕ್ಕೆ ಮರ ಹೋದರೆ ಹೊಲವಾದರೂ ಇದೆ. ಸಿಂಗಳೀಕಕ್ಕೆ ಅದೂ ಇಲ್ಲ. ಕೇರಳದ ಸೈಲೆಂಟ್ ವ್ಯಾಲಿಯಲ್ಲಿ ಇದೇ ಪ್ರಾಣಿಯನ್ನು ಮುಂದಿಟ್ಟುಕೊಂಡು ಜನ ಹೋರಾಡಿದರು, ಅಣೆಕಟ್ಟು ಬಿಡಿಸಿದರು, 1984ರಲ್ಲಿ ಅದು ರಾಷ್ಟ್ರೀಯ ಉದ್ಯಾನವಾಯಿತು. ಕೇರಳವೇನೂ ಅದರಿಂದ ಕತ್ತಲಲ್ಲಿ ಮುಳುಗಲಿಲ್ಲ. ನಮ್ಮ ಸಚಿವರು, ಶಾಸಕರು ಒಮ್ಮೆ ಅಲ್ಲಿಗೆ ಹೋಗಿ ನೋಡಿ ಬರಲಿ. ಅಧ್ಯಯನ ಪ್ರವಾಸದ ಹೆಸರಿನಲ್ಲಿ ನಮ್ಮ ದುಡ್ಡಲ್ಲಿ ಅದಕ್ಕಿಂತ ಎಷ್ಟೋ ದೂರ ಹೋಗಿ ಬಂದಿದ್ದಾರೆ.