ಲೆಕ್ಕ ಕೇಳದ ಪ್ರಜೆ, ಹೆದರದ ಅಧಿಕಾರ

ಸರಕಾರಿ ಕಾಮಗಾರಿಗಳಲ್ಲಿ ಶೇ. 40ರಷ್ಟು ಕಮಿಷನ್ ಕೇಳಲಾಗುತ್ತಿದೆಯೆಂದು ರಾಜ್ಯದ ಗುತ್ತಿಗೆದಾರರ ಸಂಘವು 2021ರಲ್ಲಿ ಪ್ರಧಾನಿಗೆ ದೂರಿತು. 2023ರ ವಿಧಾನಸಭಾ ಚುನಾವಣೆಯಲ್ಲಿ ಆ ದೂರೇ ಘೋಷಣೆಯಾಯಿತು. ಸರಕಾರ ಬದಲಾಯಿತು. ಆದರೆ ತನ್ನೂರಿನ ರಸ್ತೆಯ ಬಿಲ್ಲನ್ನು ಬಿಚ್ಚಿ ನೋಡುವ ಅಭ್ಯಾಸ ಮತದಾರನಿಗೆ ಬಂತೇ? ಐದು ವರ್ಷಕ್ಕೊಮ್ಮೆ ಕಾವಲುಗಾರನನ್ನು ಬದಲಿಸಿ, ಖಜಾನೆಯತ್ತ ತಿರುಗಿಯೂ ನೋಡದಿರುವುದು ಪ್ರಜಾಪ್ರಭುತ್ವವೆನಿಸದು.

ಕಾನೂನಿಗೆ ಕೊರತೆಯಿಲ್ಲ. ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮವನ್ನು ಕರ್ನಾಟಕವು 1999ರಲ್ಲೇ ರೂಪಿಸಿತು. ಆದರೆ ಅದರ 4(ಜಿ) ಕಲಮು, ನಿರ್ದಿಷ್ಟ ಖರೀದಿಗಳಿಗೆ ಅಧಿಸೂಚನೆಯ ಮೂಲಕ ಟೆಂಡರಿನಿಂದ ವಿನಾಯಿತಿ ನೀಡುವ ಅಧಿಕಾರವನ್ನು ಸರಕಾರಕ್ಕೇ ಕೊಟ್ಟಿದೆ. ಮುಂಬಾಗಿಲಿಗೆ ಬೀಗ, ಹಿತ್ತಿಲಿಗೆ ಸ್ವಾಗತ! ಇನ್ನು ಟೆಂಡರ್ ಎಷ್ಟೇ ಶುದ್ಧವಾಗಿದ್ದರೂ ಒಪ್ಪಿದ ಗುಣಮಟ್ಟದ ಮಾಲೇ ಬಂತೆಂಬುದಕ್ಕೆ ಅದು ಸಾಕ್ಷಿಯಲ್ಲ. ವಂಚನೆಗೆ ಟೆಂಡರ್ ಪೆಟ್ಟಿಗೆಯೊಂದೇ ದಾರಿಯಲ್ಲ. ಉಗ್ರಾಣದಲ್ಲಿ, ಅಳತೆ ಪುಸ್ತಕದಲ್ಲಿ ಕೂಡಾ ಅದು ನಡೆಯಬಲ್ಲುದು.

ಅದನ್ನು ಹಿಡಿಯುವ ಬಗೆಯನ್ನು ರಾಜಸ್ಥಾನದ ಬಡ ಕೂಲಿಕಾರರು ತೋರಿಸಿಕೊಟ್ಟಿದ್ದಾರೆ. ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆಯು 1994ರ ಡಿಸೆಂಬರ್‌ನಲ್ಲಿ ಕೋಟ್ ಕಿರಾನಾ ಗ್ರಾಮದಲ್ಲಿ ಜನಸುನವಾಯಿ ನಡೆಸಿ, ಸರಕಾರಿ ದಾಖಲೆಗಳನ್ನು ಊರವರ ಮುಂದೆ ಗಟ್ಟಿಯಾಗಿ ಓದಿಸಿತು. ಕಾಗದದಲ್ಲಿದ್ದ ಸುಳ್ಳನ್ನು ಗುರುತಿಸಲು ಯಾವ ಲೆಕ್ಕ ಪರಿಶೋಧಕನೂ ಬೇಕಾಗಲಿಲ್ಲ. ಊರಿನ ಕಣ್ಣುಗಳೇ ಸಾಕಾದವು. ಆ ಹೋರಾಟದ ಫಲಗಳಲ್ಲೊಂದು 2005ರ ಮಾಹಿತಿ ಹಕ್ಕು ಕಾಯ್ದೆ.

ಈ ಕಾಯ್ದೆಯ 2(ಜೆ) ಕಲಮನ್ನು ನಮ್ಮಲ್ಲಿ ಎಷ್ಟು ಮಂದಿ ಓದಿದ್ದಾರೆ? ಕಡತಗಳ ಪ್ರತಿ ಪಡೆಯುವುದು ಮಾತ್ರವಲ್ಲ, ಕಾಮಗಾರಿಯನ್ನು ಖುದ್ದಾಗಿ ಪರಿಶೀಲಿಸುವ, ಬಳಸಿದ ಸಾಮಗ್ರಿಯ ದೃಢೀಕೃತ ಮಾದರಿಯನ್ನು ಪಡೆಯುವ ಹಕ್ಕನ್ನೂ ಅದು ಪ್ರಜೆಗೆ ನೀಡಿದೆ. ವ್ಯಾಪಾರದ ಗುಟ್ಟು ಎಂಬ ನೆಪವೊಡ್ಡುವ ಅಧಿಕಾರಿಗೂ ಕಾಯ್ದೆಯಲ್ಲೇ ಉತ್ತರವಿದೆ: ವಿಶಾಲ ಸಾರ್ವಜನಿಕ ಹಿತವಿದ್ದರೆ ಅಂತಹ ಮಾಹಿತಿಯನ್ನೂ ನೀಡಬೇಕೆಂದು 8(1)(ಡಿ) ಕಲಮು ಹೇಳುತ್ತದೆ.

ಕಳಪೆ ಔಷಧಿ ಖರೀದಿಯಾದರೆ ಅದನ್ನು ನುಂಗುವವನು ಮಂತ್ರಿಯಲ್ಲ, ಸರಕಾರಿ ಆಸ್ಪತ್ರೆಯ ಸಾಲಿನಲ್ಲಿ ನಿಂತ ಬಡವ. ಹರಿದ ಶೂ ತೊಡುವುದು ಗುತ್ತಿಗೆದಾರನ ಮಗುವಲ್ಲ. ಆದ್ದರಿಂದ ಊರಿನ ಸಂಘ-ಸಂಸ್ಥೆಗಳು ಸನ್ಮಾನ ಸಮಾರಂಭಗಳಿಗೆ ತೋರುವ ಉತ್ಸಾಹದಲ್ಲಿ ಸ್ವಲ್ಪವನ್ನು ಲೆಕ್ಕ ಕೇಳುವುದಕ್ಕೂ ಮೀಸಲಿಡಲಿ. ಮುಂದಿನ ಗ್ರಾಮಸಭೆಯಲ್ಲಿ ಒಂದೇ ಒಂದು ಕಾಮಗಾರಿಯ ಬಿಲ್ಲನ್ನು ಗಟ್ಟಿಯಾಗಿ ಓದಿಸಲಿ. ಖರ್ಚಾಗುತ್ತಿರುವುದು ನಮ್ಮ ಹಣ. ಅದರ ಲೆಕ್ಕ ಕೇಳಲು ನಾವು ಯಾರ ಅಪ್ಪಣೆಗಾಗಿ ಕಾಯಬೇಕು?