ಅಪ್ಪನ ನೀಲಿ ಅಂಗಿ, ಪಡುವಲ ಕಿಟಕಿ

ಕಳೆದ ತಿಂಗಳು ಊರಿಗೆ ಹೋದಾಗ ಅವ್ವ ಹಾಲ್‌ನ ಪಡುವಲ ಕಿಟಕಿ ತೋರಿಸಿ, "ಮಗಾ, ಇದುಕ್ಕೊಂದು ಒಳ್ಳೆ ಗಾಜು ಹಾಕ್ಸ್‌ಬುಡಪ್ಪ, ಸಾಯಂಕಾಲ ಒಳೀಕೆ ಕೂರಕ್ಕಾಗಕ್ಕಿಲ್ಲ" ಅಂದಳು. ನಮ್ಮದು ಕಿರುಗಾವಲು. ಮಳವಳ್ಳಿಯಿಂದ ಬನ್ನೂರಿನ ಕಡೆ ಹೋಗುವಾಗ ಸಿಗುವ ಊರು. ಹಳೇ ಮರದ ಕಿಟಕಿಗೆ ಗೆದ್ದಲು ಹಿಡಿದು, ಹೇಗೂ ಬದಲಾಯಿಸಲೇಬೇಕಿತ್ತು. ಬೆಂಗಳೂರಲ್ಲಿ ಕೂತು ಕೋಡ್ ಬರೆಯುವ ನನಗೆ ಗಾಜು ಅಂದರೆ ಗಾಜು, ಅಷ್ಟೆ. ಅಳತೆ ಬರ್ಕೊಂಡು ಅಂಗಡಿಗೆ ಹೋದೆ.

ಅಂಗಡಿಯವರು ಎರಡು ರೇಟು ಹೇಳಿದರು. ಮಾಮೂಲಿ 5 ಎಂಎಂ ಗಾಜಿಗೆ ಒಂದು, 'ಯುವಿ ಗ್ಲಾಸ್' ಅಂದರೆ ಅದರ ಎರಡೂವರೆ ಪಟ್ಟು. "ಯುವಿ ಹಾಕ್ಸಿ ಸಾರ್, ಮನೆ ಎಸಿ ಥರ ತಂಪಾಗಿರುತ್ತೆ" ಅಂದರು. ಆ ಒಂದು ಮಾತಿಗೆ ನಾನು ಅಡ್ವಾನ್ಸ್ ಕೊಡದೆ ವಾಪಸ್ ಬಂದೆ. ಯಾಕೆ ಅಂತ ಹೇಳ್ತೀನಿ.

ನಮಗೆ ತಲುಪುವ ಬಿಸಿಲಿನ ಶಕ್ತಿಯಲ್ಲಿ ಅತಿನೇರಳೆ ಕಿರಣದ ಪಾಲು ನೂರಕ್ಕೆ ಐದರಷ್ಟು ಮಾತ್ರ. ಉಳಿದದ್ದು ಕಣ್ಣಿಗೆ ಕಾಣುವ ಬೆಳಕು ಮತ್ತು ಕಾಣದ ಇನ್‌ಫ್ರಾರೆಡ್. ಮನೆ ಕಾಯಿಸುವುದು ಮುಖ್ಯವಾಗಿ ಇವೆರಡೇ. ಯುವಿ ಒಂದನ್ನೇ ಪೂರ್ತಿ ತಡೆದರೂ ಸಾಯಂಕಾಲದ ಸೆಕೆಗೆ ಅದು ಗೊತ್ತೇ ಆಗುವುದಿಲ್ಲ. ಶಾಖ ತಡೆಯುವ ಗಾಜು ಬೇರೆ. ಅದರ ಮೇಲೆ ಲೋಹದ ತೆಳು ಲೇಪನ ಇರುತ್ತೆ, ಅದಕ್ಕೆ ಲೋ-ಇ, ಸೋಲಾರ್ ಕಂಟ್ರೋಲ್ ಅಂತೆಲ್ಲ ಹೆಸರು. ಬೇಡದ ಫೀಚರ್‌ಗೆ ಪ್ರೀಮಿಯಂ ಪ್ಲಾನ್ ತಗೊಳ್ಳೋದು ನಮ್ಮ ಆಫೀಸಿನ ಚಾಳಿ, ಮನೆಗೂ ಯಾಕೆ ತರಬೇಕು?

ಅವ್ವನ ಸೆಕೆಗೆ ಮದ್ದು ಗಾಜಿನಲ್ಲಿ ಇರಲೇ ಇಲ್ಲ. ನಮ್ಮ ಕಡೆ ಬೇಸಿಗೆ ಮಧ್ಯಾಹ್ನದ ಸೂರ್ಯ ನೆತ್ತಿ ಮೇಲಿರುತ್ತೆ, ಅವನನ್ನು ಸಜ್ಜವೇ ತಡೆಯುತ್ತೆ. ನಾಲ್ಕು ಗಂಟೆ ಬಿಸಿಲು ಹಾಗಲ್ಲ, ಓರೆಯಾಗಿ ಸಜ್ಜದ ಕೆಳಗಿಂದ ಸೀದಾ ಒಳಗೆ ನುಗ್ಗುತ್ತೆ. ಅದನ್ನು ಕಿಟಕಿಯ ಹೊರಗೇ ತಡೆಯಬೇಕು, ಗಾಜು ದಾಟಿ ಬಂದ ಮೇಲೆ ಪರದೆ ಎಳೆದರೆ ಅರ್ಧ ಕೆಲಸ ಕೆಟ್ಟಿರುತ್ತೆ. ನಮ್ಮೂರಲ್ಲಿ ಸೈಯದ್ ಘನಿ ಖಾನ್ ಅವರ ಬಡಾ ಬಾಗ್ ಇದೆ, ನೂರಕ್ಕೂ ಹೆಚ್ಚು ತಳಿಯ ಮಾವಿನ ತೋಪು. ಏಪ್ರಿಲ್‌ನಲ್ಲಿ ಒಂದು ಸಲ ಅದರೊಳಗೆ ಹೋಗಿ ನಿಂತು ನೋಡಿ, ನೆರಳು ಅಂದರೆ ಏನು ಅಂತ ಯಾವ ಗಾಜಿನ ಕಂಪನಿಯೂ ಹೇಳಿಕೊಡಬೇಕಾಗಿಲ್ಲ. ನಾವು ಕಿಟಕಿಗೆ ಹೊರಗಡೆಯಿಂದ ಬಿದಿರಿನ ತಟ್ಟಿ ಇಳಿಬಿಟ್ಟೆವು. ಅವ್ವ ಈಗ ಸಾಯಂಕಾಲ ಅಲ್ಲೇ ಕೂತು ಅವರೆಕಾಯಿ ಬಿಡಿಸ್ತಾಳೆ.

ಹಾಗಾದರೆ ಮಾಮೂಲಿ ಗಾಜೇ ಸಾಕು ಅಂತ ತೀರ್ಮಾನ ಮಾಡಿಯಾಗಿತ್ತು. ಅಷ್ಟರಲ್ಲಿ ಅಪ್ಪನ ಫೋಟೊ ಅಡ್ಡ ಬಂತು.

ಆ ಕಿಟಕಿಯ ಎದುರು ಗೋಡೆಯಲ್ಲೇ ಅಪ್ಪ ಇರೋದು. 1996ರ ದಸರೆಗೆ ಮೈಸೂರಿಗೆ ಹೋಗಿದ್ದಾಗ ಸ್ಟುಡಿಯೊದಲ್ಲಿ ತೆಗೆಸಿದ ಕಲರ್ ಫೋಟೊ. ಪಕ್ಕದಲ್ಲಿ ತಾತನ ಕಪ್ಪು-ಬಿಳುಪು ಫೋಟೊ. ತಾತ ಇನ್ನೂ ಗಟ್ಟಿ, ಮೀಸೆಯ ಒಂದೊಂದು ಕೂದಲೂ ಎಣಿಸಬಹುದು. ಅಪ್ಪ ಮಾತ್ರ ಮಂಕಾಗಿ, ಮುಖ ಗೋಡೆಯ ಬಣ್ಣಕ್ಕೆ ಬಂದುಬಿಟ್ಟಿದೆ. ಕಪ್ಪು-ಬಿಳುಪಿನಲ್ಲಿ ಚಿತ್ರ ನಿಂತಿರೋದು ಬೆಳ್ಳಿಯ ಕಣಗಳ ಮೇಲೆ, ಕಲರ್‌ನಲ್ಲಿ ಬರೀ ಬಣ್ಣದ ಡೈ. ಬಿಸಿಲಿಗೆ ಡೈ ಮುರಿದುಬೀಳುತ್ತೆ. ಬಣ್ಣ ಬದಲಾಯಿಸೋಕೆ ಅಂತ ಹಳೇ ಕಿಟಕಿ ಬಿಚ್ಚಿದ ದಿನ ಫೋಟೊ ಫ್ರೇಮನ್ನೂ ಬಿಚ್ಚಿದೆವು. ಫ್ರೇಮಿನ ಅಂಚು ಮುಚ್ಚಿದ್ದ ಕಡೆ, ತೋಳಿನ ಹತ್ತಿರ, ಕಾಲು ಇಂಚು ಅಗಲದ ಒಂದು ಪಟ್ಟಿ. ತಿಳಿ ನೀಲಿ. ನಾನು ಇಷ್ಟು ವರ್ಷ ಅಪ್ಪ ಬಿಳಿ ಅಂಗಿ ಹಾಕಿದ್ದಾನೆ ಅಂದ್ಕೊಂಡಿದ್ದೆ.

"ನೀಲಿ ಕಣ್ಲಾ. ನಾನೇ ಬಟ್ಟೆ ಆರಿಸಿದ್ದು" ಅಂದಳು ಅವ್ವ.

ಮಾಮೂಲಿ ಗಾಜು ಅತಿನೇರಳೆಯ ಯುವಿಬಿ ಭಾಗವನ್ನು ಹೆಚ್ಚುಕಮ್ಮಿ ಪೂರ್ತಿ ತಡೆಯುತ್ತೆ, ಆದರೆ ಯುವಿಎ ಅರ್ಧಕ್ಕಿಂತ ಹೆಚ್ಚು ಒಳಗೆ ಬರುತ್ತೆ. (ಕಿಟಕಿ ಒಳಗೆ ಬಿಸಿಲು ಕಾಯಿಸಿದರೆ ವಿಟಮಿನ್ ಡಿ ಬರುತ್ತೆ ಅಂದ್ಕೊಂಡಿರೋರಿಗೆ ಒಂದು ಮಾತು: ಅದಕ್ಕೆ ಯುವಿಬಿಯೇ ಬೇಕು, ಅಂಗಳಕ್ಕೇ ಹೋಗಬೇಕು.) ಎರಡು ಹಾಳೆ ಗಾಜಿನ ನಡುವೆ ಪಿವಿಬಿ ಅನ್ನೋ ಪ್ಲಾಸ್ಟಿಕ್ ಪದರ ಇಟ್ಟು ಒತ್ತಿದ ಲ್ಯಾಮಿನೇಟೆಡ್ ಗಾಜು ಯುವಿಯನ್ನು ಶೇ. 99ರಷ್ಟು ತಡೆಯುತ್ತೆ. ಕಾರಿನ ಮುಂದಿನ ಗಾಜು ಇದೇ. ಒಡೆದರೂ ಚೂರು ಉದುರದೆ ಅಂಟಿಕೊಂಡೇ ಇರುತ್ತೆ.

ಅಂಗಡಿಯವರ 'ಯುವಿ ಗ್ಲಾಸ್' ಕೂಡ ಇದೇನಾ ಅಂತ ಪರೀಕ್ಷೆ ಮಾಡಿದೆ. ನೋಟು ನೋಡುವ ಯುವಿ ಟಾರ್ಚ್ ಒಂದು ತರಿಸಿದೆ. 500ರ ನೋಟಿನ ಮೇಲೆ ಬಿಟ್ಟರೆ ನಂಬರು, ಒಳಗಿನ ಎಳೆಗಳು ಹೊಳೆಯುತ್ತವೆ. ನಡುವೆ ಗಾಜಿಟ್ಟಾಗ ಹೊಳಪು ಹೋದರೆ ಪಾಸ್. ಸ್ಯಾಂಪಲ್ ಇಟ್ಟೆ, ಹೊಳಪು ಹೋಗಲಿಲ್ಲ! ಮೋಸ ಅಂತ ಜಗಳಕ್ಕೆ ಹೊರಡುವ ಮೊದಲು ಟಾರ್ಚಿನ ಡಬ್ಬಿ ಓದಿದೆ: 395 ನ್ಯಾನೋಮೀಟರ್. ಪಿವಿಬಿಯ ತಡೆ ಸುಮಾರು 380ಕ್ಕೇ ಮುಗಿಯುತ್ತೆ. ಬಗ್ ಇದ್ದದ್ದು ಗಾಜಿನಲ್ಲಲ್ಲ, ನನ್ನ ಟೆಸ್ಟ್ ಕೇಸ್‌ನಲ್ಲಿ. 365ರ ಟಾರ್ಚ್ ತಂದು ನೋಡಿದೆ. ಮಾಮೂಲಿ ಗಾಜಿನ ಹಿಂದೆ ನೋಟು ಹೊಳೆಯಿತು, ಸ್ಯಾಂಪಲ್ ಹಿಂದೆ ಕತ್ತಲು. ನೀವೂ ಮಾಡೋದಾದರೆ 365 ಅಂತ ಕೇಳಿ ತಗೊಳ್ಳಿ. ಅದನ್ನು ಯಾರ ಕಣ್ಣಿಗೂ ಬಿಡಬೇಡಿ.

ಕೊನೆಗೆ ಪಡುವಲ ಕಿಟಕಿ ಒಂದಕ್ಕೆ ಲ್ಯಾಮಿನೇಟೆಡ್, ಉಳಿದ ಮೂರಕ್ಕೆ ಮಾಮೂಲಿ ಹಾಕಿಸಿದೆ. ಮನೆಗೆಲ್ಲ ಹಾಕಿಸೋದು ದುಡ್ಡು ದಂಡ ಅಂತಲೇ ನನ್ನ ಅಭಿಪ್ರಾಯ. ಬಡಗಲ ಕಿಟಕಿಯಲ್ಲಿ ಕಾಪಾಡಬೇಕಾದದ್ದು ನಮಗೆ ಏನೂ ಇಲ್ಲ.

ಆದರೂ ಅಪ್ಪನ ವಿಷಯ ಮುಗಿಯಲಿಲ್ಲ. ಕಣ್ಣಿಗೆ ಕಾಣುವ ಬೆಳಕೂ ಬಣ್ಣ ತಿನ್ನುತ್ತೆ, ನಿಧಾನವಾಗಿ. ಅದನ್ನೂ ತಡೆಯುವ ಗಾಜು ಹಾಕಿದರೆ ಫೋಟೊನೇ ಕಾಣಲ್ಲ. ಸ್ಕ್ಯಾನ್ ಮಾಡಿಸಿ ಕಾಪಿ ನೇತುಹಾಕೋಣ, ಅಸಲು ಒಳಗಿಡೋಣ ಅಂದೆ. ಅವ್ವ ಮೂರು ದಿನ ಮಾತಾಡಲಿಲ್ಲ. "ಕಾಪಿಗೆ ಹೂ ಮುಡ್ಸಾದಾ?" ಅನ್ನೋದು ಅವಳ ಪ್ರಶ್ನೆ. ನನ್ನ ಹತ್ತಿರ ಉತ್ತರ ಇರಲಿಲ್ಲ. ಸ್ಟುಡಿಯೊ ಹುಡುಗ ಆ ಕಾಲು ಇಂಚು ಪಟ್ಟಿಯ ಬಣ್ಣ ಹಿಡಿದು ಅಂಗಿಯನ್ನೆಲ್ಲ ಸರಿಮಾಡಿ ಪ್ರಿಂಟ್ ಹಾಕಿಕೊಟ್ಟ. ಅದನ್ನು ಕೈಗೆ ಕೊಟ್ಟಾಗ ಅವ್ವ ಬಾಗಿಲ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು. ಆಮೇಲೆ ತಾನೇ ಮೊಳೆಗೆ ತಗುಲಿಸಿದಳು.

ಅಸಲು ಫೋಟೊ ಅವಳ ಸೀರೆ ಪೆಟ್ಟಿಗೆಯಲ್ಲಿದೆ. ಮಾರ್ಲಾಮಿ ಹಬ್ಬದಲ್ಲಿ ಎಡೆ ಇಡುವಾಗ ಅದನ್ನೇ ಹೊರಗೆ ತೆಗೀತಾಳಂತೆ.